ಹತ್ತರಲ್ಲಿ ಏಳು ಪಾಲು

ನಾನು ದಾವಣಗೆರೆಗೆ ಸೊಸೆಯಾಗಿ ಬಂದ ಕಾಲಕ್ಕೆ ಈ ಊರಿನ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದು ಇನ್ನೂ ಮಾಸಿರಲಿಲ್ಲ. ನಮ್ಮ ಮಾವನವರು ಮನೆಗೆ ಬಂದ ನೆಂಟರಿಗೆಲ್ಲ ಆ ಮಾತು ಹೇಳಿಯೇ ಕಾಫಿ ಕೊಡಿಸುತ್ತಿದ್ದರು. ಆಮೇಲೆ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಈಗ ಹೊರಗಿನವರಿಗೆ ದಾವಣಗೆರೆ ಎಂದರೆ ಬೆಣ್ಣೆದೋಸೆ. ಬಿರುದು ಮಾತ್ರ ಭಾಷಣಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ ಉಳಿದುಕೊಂಡಿದೆ. ನನಗೋ ಮೊದಲಿನಿಂದ ಒಂದು ಕುತೂಹಲ. ಯಾವ ಊರಿನ ಹೆಸರನ್ನು ನಮ್ಮ ಊರು ಇಷ್ಟು ಹೆಮ್ಮೆಯಿಂದ ಹೊತ್ತು ತಿರುಗಿತೋ ಆ ಊರು ನಿಜಕ್ಕೂ ಹೇಗಿತ್ತು? ಅಲ್ಲಿಯ ಹೆಂಗಸರು ಹೇಗಿದ್ದರು? ಹುಡುಕಿಕೊಂಡು ಓದಲು ಕೂತಾಗ ಹತ್ತಿಯ ಕಥೆ ಸಿಗುತ್ತದೆಂದು ನೆನೆಸಿದ್ದೆ. ಸಿಕ್ಕಿದ್ದು ಹೊಗೆಯ ಕಥೆ, ಬಟ್ಟೆ ಒಗೆಯುವ ಕಥೆ.

ಇಂಗ್ಲೆಂಡಿನ ಮಂಜು ಎಂದರೆ ನಮ್ಮ ಕಾಲದ ಕಾಲೇಜು ಹುಡುಗಿಯರಿಗೆ ಒಂಥರಾ ಮೋಹ. ಕಾದಂಬರಿಗಳಲ್ಲಿ ಆ ಮಂಜಿನೊಳಗಿಂದ ಕುದುರೆ ಗಾಡಿಗಳು ಬರುತ್ತಿದ್ದವು, ಪತ್ತೇದಾರರು ಬರುತ್ತಿದ್ದರು. ನಾವು ಅದನ್ನು ಮಡಿಕೇರಿಯ ಮಂಜಿನಂತೆಯೇ ಕಲ್ಪಿಸಿಕೊಳ್ಳುತ್ತಿದ್ದೆವು, ತಣ್ಣಗೆ, ಬೆಳ್ಳಗೆ. ಅದು ಬೆಳ್ಳಗೂ ಇರಲಿಲ್ಲ, ಅದರಲ್ಲಿ ಮಂಜಿನ ಪಾಲೂ ಅಷ್ಟಕ್ಕಷ್ಟೆ. ಲಕ್ಷಾಂತರ ಮನೆಗಳ ಒಲೆಯ ಹೊಗೆ, ಕಾರ್ಖಾನೆಯ ಹೊಗೆ ಎರಡೂ ಚಳಿಗಾಲದ ಮಂಜಿನೊಂದಿಗೆ ಬೆರೆತು ಹಳದಿಗಟ್ಟಿ ಬೀದಿಯಲ್ಲಿ ನಿಂತುಬಿಡುತ್ತಿತ್ತು. ಹೊಗೆಗೆ ಇಂಗ್ಲಿಷಿನಲ್ಲಿ ಸ್ಮೋಕ್, ಮಂಜಿಗೆ ಫಾಗ್. ಇವೆರಡನ್ನೂ ಬೆಸೆದು ‘ಸ್ಮಾಗ್’ ಎಂದು 1905ರಲ್ಲಿ ಹೆಸರಿಟ್ಟವನು ದೆ ವೂ ಎಂಬ ಒಬ್ಬ ವೈದ್ಯ.

ಆ ದೇಶದ ಮನೆಗಳಲ್ಲಿ ಅಡುಗೆಮನೆಗೊಂದೇ ಒಲೆಯಲ್ಲ. ಚಳಿಯ ದೇಶ ನೋಡಿ, ಅನುಕೂಲಸ್ಥರ ಮನೆಯಲ್ಲಿ ಕೋಣೆಗೊಂದು ಅಗ್ಗಿಷ್ಟಿಕೆ. ಬಡವರ ಮನೆಯಲ್ಲಿ ಇದ್ದ ಒಂದರಲ್ಲೇ ಅಡುಗೆ, ಅದರ ಮುಂದೆಯೇ ಮಕ್ಕಳ ಸ್ನಾನ, ಗಂಡನ ಒದ್ದೆ ಬೂಟು ಒಣಗಿಸುವುದು. ಉರಿಯುವುದು ಕಲ್ಲಿದ್ದಲು. ತೆರೆದ ಒಲೆಯಲ್ಲಿ ಹಸಿ ಕಲ್ಲಿದ್ದಲು ಉರಿದರೆ ಶಾಖದ ಬಹುಪಾಲು ಚಿಮಣಿಯ ಪಾಲು, ಮಸಿ ಊರಿನ ಪಾಲು. ಅದನ್ನು ಒಂದನೇ ಎಡ್ವರ್ಡ್ ದೊರೆ 1306ರಷ್ಟು ಹಿಂದೆಯೇ ಲಂಡನ್ನಿನಲ್ಲಿ ಬೇಡವೆಂದು ಸಾರಿದ್ದ. ಜಾನ್ ಎವೆಲಿನ್ ಎಂಬ ಪಂಡಿತ 1661ರಲ್ಲಿ ಹೊಗೆಯ ವಿರುದ್ಧ ಒಂದು ಪುಸ್ತಕವನ್ನೇ ಬರೆದು ಮತ್ತೊಬ್ಬ ದೊರೆಗೆ ಒಪ್ಪಿಸಿದ. ದೊರೆಗಳು ಕೇಳಿಸಿಕೊಂಡರು. ಒಲೆಗಳು ಉರಿಯುತ್ತಲೇ ಇದ್ದವು. ಬೇರೆ ಉರುವಲಿಗೆ ದುಡ್ಡು ಯಾರು ಕೊಡಬೇಕು ಎಂದು ಯಾವ ದೊರೆಯೂ ಹೇಳಿರಲಿಲ್ಲವಲ್ಲ!

ಮ್ಯಾಂಚೆಸ್ಟರಿನ ಸುತ್ತಮುತ್ತಲ ಕೂಲಿ ಕೇರಿಗಳ ಹೆಂಗಸರ ದಿನಚರಿ ಓದುವಾಗ ನನಗೆ ನಮ್ಮವರೇ ಕಣ್ಣಿಗೆ ಬಂದರು. ಸೋಮವಾರ ಅವರಿಗೆ ಒಗೆಯುವ ದಿನ. ಬೀದಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಬಟ್ಟೆ ಹರವುತ್ತಿದ್ದರು. ಗಾಳಿ ಈ ಕಡೆಗೆ ತಿರುಗಿತೋ, ಬಿಳಿ ಬಟ್ಟೆಯ ಮೇಲೆಲ್ಲ ಮಸಿಯ ಚುಕ್ಕೆ. ಮತ್ತೆ ನೀರು ಕಾಯಿಸು, ಮತ್ತೆ ಸೋಪು ಹಚ್ಚು. ಇನ್ನೊಂದು ವಿಷಯ ಹೇಳಿದರೆ ನಿಮಗೆ ನಗು ಬಂದೀತು. ನಾವು ಹೊಸ್ತಿಲು ತೊಳೆದು ರಂಗೋಲಿ ಇಡುವಂತೆ ಅವರು ಬಾಗಿಲ ಮುಂದಿನ ಕಲ್ಲು ಮೆಟ್ಟಿಲನ್ನು ಮಂಡಿಯೂರಿ ಉಜ್ಜಿ ಅಂಚಿಗೆ ಬಿಳಿಯ ಗೀರು ಎಳೆಯುತ್ತಿದ್ದರು. ಉಜ್ಜುವ ಆ ಕಲ್ಲಿಗೆ ಅಲ್ಲಿ ‘ಕತ್ತೆ ಕಲ್ಲು’ ಎಂದು ಹೆಸರು. ಹಳೇ ಬಟ್ಟೆ ಕೊಂಡುಕೊಳ್ಳುವವನು ಗಾಡಿ ತಳ್ಳಿಕೊಂಡು ಬಂದಾಗ ಚಿಂದಿ ಕೊಟ್ಟು ಕಲ್ಲು ತೆಗೆದುಕೊಳ್ಳುವುದು. ಹಳೇ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ತೆಗೆದುಕೊಂಡ ನಮಗೆ ಇದು ಹೊಸದೇನೂ ಅಲ್ಲ. ಊರೆಲ್ಲ ಮಸಿ ಸುರಿಯುವಾಗ ಒಂದು ಮೆಟ್ಟಿಲನ್ನಾದರೂ ಬೆಳ್ಳಗೆ ಇಟ್ಟುಕೊಳ್ಳುತ್ತೇನೆಂಬ ಹಟ ಅದು. ನೆರೆಯವಳ ಮೆಟ್ಟಿಲು ನೋಡಿ ಅವಳ ಗುಣ ಅಳೆಯುವ ಚಟವೂ ಜೊತೆಗಿತ್ತು ಎನ್ನಿ.

ಹೊಗೆ ತಡೆಯಲು ಕಾನೂನುಗಳಿರಲಿಲ್ಲವೆಂದಲ್ಲ. ಹೊಗೆ ತಡೆಯುವುದಕ್ಕೆಂದೇ ಮ್ಯಾಂಚೆಸ್ಟರಿನಲ್ಲಿ 1842ರಲ್ಲಿ ಒಂದು ಸಂಘ ಹುಟ್ಟಿತ್ತು. ಅಲ್ಲಿಯ ರಸಾಯನ ಶಾಸ್ತ್ರಜ್ಞ ರಾಬರ್ಟ್ ಆಂಗಸ್ ಸ್ಮಿತ್ ಊರಿನ ಮಳೆನೀರನ್ನು ಪರೀಕ್ಷಿಸಿ ಅದರಲ್ಲಿ ಆಮ್ಲ ಇದೆಯೆಂದು ತೋರಿಸಿದ. ‘ಆಮ್ಲ ಮಳೆ’ ಎಂಬ ಮಾತೇ ಅವನಿಂದ ಬಂದದ್ದು. ಇಡೀ ದೇಶಕ್ಕೆ 1875ರ ಸಾರ್ವಜನಿಕ ಆರೋಗ್ಯ ಕಾಯಿದೆ ಬಂತು. ಆದರೆ ಅದರಲ್ಲಿ ಎರಡು ತೂತು. ಒಂದು, ‘ಕಪ್ಪು’ ಹೊಗೆ ಬಿಟ್ಟರೆ ಮಾತ್ರ ಅಪರಾಧ. ಗಿರಣಿ ಮಾಲೀಕರ ವಕೀಲರು ಕೋರ್ಟಿನಲ್ಲಿ ನಿಂತು, ಸ್ವಾಮಿ, ನಮ್ಮದು ಕಪ್ಪಲ್ಲ, ಕಡು ಕಂದು ಎಂದು ವಾದಿಸಿ ಗೆಲ್ಲುತ್ತಿದ್ದರು! ಸೀರೆ ಅಂಗಡಿಯಲ್ಲಿ ನಾವು ಬಣ್ಣದ ಬಗ್ಗೆ ಮಾಡುವ ಚರ್ಚೆ ಇದರ ಮುಂದೆ ಏನೇನೂ ಅಲ್ಲ. ಎರಡನೆಯದು ಇನ್ನೂ ದೊಡ್ಡದು. ವಾಸದ ಮನೆಯ ಚಿಮಣಿಗೆ ಈ ಕಾನೂನು ಅನ್ವಯಿಸುವುದಿಲ್ಲ. ಮತ್ತೆ 1926ರಲ್ಲಿ ಕಾಯಿದೆ ತಿದ್ದಿದಾಗ ಕಪ್ಪಿನ ತೂತನ್ನು ಒಂದಷ್ಟು ಮುಚ್ಚಿದರು, ಮನೆಯ ಒಲೆಯ ತೂತನ್ನು ಮುಟ್ಟಲಿಲ್ಲ. ಮನೆಯ ಬೆಂಕಿಗೆ ಕೈ ಹಾಕಿದರೆ ವೋಟು ಹೋಗುತ್ತದೆಂಬ ಹೆದರಿಕೆ. ಅಗ್ಗಿಷ್ಟಿಕೆಯ ಮೇಲೆ ಆ ಜನಕ್ಕೆ ಅಷ್ಟು ಪ್ರೀತಿ. ಜಾರ್ಜ್ ಆರ್ವೆಲ್‌ನಂಥ ನಿಷ್ಠುರ ಲೇಖಕ ಕೂಡ 1945ರಲ್ಲಿ ಪತ್ರಿಕೆಯೊಂದರಲ್ಲಿ ಕಲ್ಲಿದ್ದಲ ತೆರೆದ ಒಲೆಯ ಪರವಾಗಿ ವಕಾಲತ್ತು ಮಾಡಿದ. ಆ ಒಲೆಯ ಬೂದಿ ತೆಗೆಯುತ್ತಿದ್ದವರು ಯಾರೋ, ಬೆಳಗಾಗುವ ಮುಂಚೆ ಎದ್ದು ಹೊತ್ತಿಸುತ್ತಿದ್ದವರು ಯಾರೋ.

ಹೆಂಗಸರು ಸುಮ್ಮನಿರಲಿಲ್ಲ. ಲಂಡನ್ನಿನ ಬಡವರಿಗೆ ಮನೆ ಒದಗಿಸಲು ದುಡಿದ ಆಕ್ಟೇವಿಯಾ ಹಿಲ್ ಹೊಗೆ ತಡೆಯುವ ಸಮಿತಿಯೊಂದು ಹುಟ್ಟಲು ಕಾರಣಳಾದಳು. ಆ ಸಮಿತಿ 1881-82ರಲ್ಲಿ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಹೊಗೆ ಕಡಿಮೆ ಮಾಡುವ ಒಲೆಗಳದ್ದೇ ದೊಡ್ಡ ಪ್ರದರ್ಶನ ನಡೆಸಿತು. ಜನ ಹೋಗಿ ನೋಡಿ ಬಂದರು. ಕೊಳ್ಳುವ ಶಕ್ತಿ ಇದ್ದವರಿಗೆ ಬೇಕಿರಲಿಲ್ಲ, ಬೇಕಿದ್ದವರಿಗೆ ಶಕ್ತಿ ಇರಲಿಲ್ಲ.

ಈ ಇಡೀ ಚರಿತ್ರೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು 1918ರ ಒಂದು ಲೆಕ್ಕ. ಮ್ಯಾಂಚೆಸ್ಟರ್ ನಗರಸಭೆಯ ವಾಯು ಮಾಲಿನ್ಯ ಮಂಡಳಿಯವರು ಮಸಿ ಎಷ್ಟು ಟನ್ನು ಬೀಳುತ್ತದೆ ಎಂಬ ತೂಕಕ್ಕೆ ನಿಲ್ಲದೆ ಒಗೆತಕ್ಕೆ ತಗಲುವ ಖರ್ಚನ್ನೂ ಹುಡುಕಿಕೊಂಡು ಮನೆಗಳಿಗೆ ಹೋದರು. ಮ್ಯಾಂಚೆಸ್ಟರಿನ ಮನೆಗಳಲ್ಲಿ ವಾರದ ಒಗೆತಕ್ಕೆ ಸೋಪು, ನೀಲಿ, ಗಂಜಿ, ನೀರು ಕಾಯಿಸುವ ಉರುವಲು ಎಲ್ಲ ಸೇರಿ ಎಷ್ಟು ಖರ್ಚು? ಹೊಗೆಯಿಲ್ಲದ ಹ್ಯಾರೊಗೇಟ್ ಎಂಬ ಊರಿನಲ್ಲಿ ಅಂಥದೇ ಮನೆಗಳಲ್ಲಿ ಎಷ್ಟು? ಕಳೆದು ನೋಡಿದರೆ ಮ್ಯಾಂಚೆಸ್ಟರಿನ ಗೃಹಿಣಿ ವಾರಕ್ಕೆ ಏಳೂವರೆ ಪೆನ್ನಿ ಹೆಚ್ಚಿಗೆ ಖರ್ಚು ಮಾಡುತ್ತಿದ್ದಳು. ಕೂಲಿಯವನ ಮನೆಯಲ್ಲಿ ಅದು ಸಣ್ಣ ಮೊತ್ತವಲ್ಲ. ಇಡೀ ಊರಿಗೆ ಗುಣಿಸಿದರೆ ವರ್ಷಕ್ಕೆ ಎರಡೂವರೆ ಲಕ್ಷ ಪೌಂಡ್ ಸಮೀಪಕ್ಕೆ ಬಂತು. ಅವಳ ರಟ್ಟೆಯ ನೋವನ್ನು ಇದರಲ್ಲಿ ಸೇರಿಸಿಲ್ಲ. ಇದಕ್ಕೆ ಅವರು ಇಟ್ಟ ಹೆಸರು ‘ಕರಿ ಹೊಗೆ ತೆರಿಗೆ’. ಅಂದರೆ ಸರ್ಕಾರ ಹಾಕದ, ರಸೀದಿ ಸಿಗದ, ಆದರೂ ಪ್ರತಿ ಸೋಮವಾರ ಹೆಂಗಸರಿಂದ ವಸೂಲಾಗುವ ತೆರಿಗೆ. ಸೋಪಿನ ಖರ್ಚನ್ನು ನಗರಸಭೆಯ ಕಡತಕ್ಕೆ ಏರಿಸಿದ ಆ ಮಹಾನುಭಾವರಿಗೆ ನಮಸ್ಕಾರ. ಎಷ್ಟೋ ಚರಿತ್ರೆ ಪುಸ್ತಕಗಳಲ್ಲಿ ಇದು ಅಡಿಟಿಪ್ಪಣಿಗೂ ಬಂದಿಲ್ಲ.

ಆ ಊರಿನ ಹೊಗೆ ವಿರೋಧಿ ಚಳವಳಿಯಲ್ಲಿದ್ದ ಚಾರ್ಲ್ಸ್ ಗ್ಯಾಂಡಿ ಎಂಬ ವಕೀಲ 1935ರಲ್ಲಿ ಒಂದು ಹೊಸ ಉಪಾಯ ಹೇಳಿದ. ಇಡೀ ದೇಶದಲ್ಲಿ ಒಟ್ಟಿಗೆ ಹೊಗೆ ನಿಲ್ಲಿಸುವುದು ಆಗದ ಮಾತು. ಊರಿನ ಒಂದು ತುಂಡನ್ನು ತೆಗೆದುಕೊಳ್ಳಿ, ಅದರೊಳಗೆ ಯಾವ ಚಿಮಣಿಯಿಂದಲೂ ಹೊಗೆ ಬರಕೂಡದು ಎನ್ನಿ. ಆಮೇಲೆ ಪಕ್ಕದ ತುಂಡು. ಯುದ್ಧ ಬಂತು, ಮಾತು ಹಿಂದೆ ಬಿತ್ತು. ಯುದ್ಧ ಮುಗಿದ ಮೇಲೆ 1946ರಲ್ಲಿ ಮ್ಯಾಂಚೆಸ್ಟರ್ ನಗರಸಭೆ ಪಾರ್ಲಿಮೆಂಟಿನಿಂದ ತನಗೆ ಬೇಕಾದ ಅಧಿಕಾರ ಪಡೆದು, 1952ರಲ್ಲಿ ಊರಿನ ನಡುವಿನ ಸುಮಾರು ನೂರು ಎಕರೆಯನ್ನು ‘ಹೊಗೆರಹಿತ ವಲಯ’ ಎಂದು ಸಾರಿತು. ದೇಶದ ರಾಜಧಾನಿಗೆ ಇನ್ನೂ ಎಚ್ಚರವಾಗಿರಲಿಲ್ಲ. ಆ ವರ್ಷದ ಕೊನೆಯಲ್ಲಿ ಆಯಿತು.

ಲಂಡನ್ನಿನಲ್ಲಿ 1952ರ ಡಿಸೆಂಬರ್ 5ರಂದು, ಶುಕ್ರವಾರ, ಗಾಳಿ ನಿಂತುಹೋಯಿತು. ಮೇಲೆ ಬೆಚ್ಚನೆಯ ಗಾಳಿಯ ಪದರ, ಕೆಳಗೆ ತಣ್ಣನೆಯದು. ಪಾತ್ರೆಗೆ ಮುಚ್ಚಳ ಮುಚ್ಚಿದ ಹಾಗೆ. ಚಳಿ ಜಾಸ್ತಿಯಾದಷ್ಟೂ ಜನ ಒಲೆಗೆ ಕಲ್ಲಿದ್ದಲು ಸುರಿದರು, ಸುರಿದಷ್ಟೂ ಹೊಗೆ ಮುಚ್ಚಳದೊಳಗೇ ಉಳಿಯಿತು. ಉರಿಸುತ್ತಿದ್ದ ಕಲ್ಲಿದ್ದಲಾದರೂ ಎಂಥದು? ಯುದ್ಧದ ಸಾಲ ತೀರಿಸಲು ಒಳ್ಳೆಯ ಕಲ್ಲಿದ್ದಲನ್ನು ಸರ್ಕಾರ ಹೊರದೇಶಕ್ಕೆ ಮಾರುತ್ತಿತ್ತು. ಮನೆಗಳಿಗೆ ಸಿಗುತ್ತಿದ್ದದ್ದು ರೇಷನ್ನಿನ ಅಳತೆ. ಅದೇ ಡಿಸೆಂಬರಿನ ಮೊದಲಲ್ಲಿ ಚೂರು ಪಾರು ಪುಡಿ ಕಲ್ಲಿದ್ದಲನ್ನು ಮಾತ್ರ ರೇಷನ್ ಇಲ್ಲದೆ ಎಷ್ಟು ಬೇಕಾದರೂ ಕೊಳ್ಳಿ ಎಂದು ಬಿಟ್ಟಿದ್ದರು. ನಮ್ಮ ರೇಷನ್ ಅಂಗಡಿಯ ಮುಂದೆ ಸಾಲು ನಿಂತು ನುಚ್ಚಕ್ಕಿ ತಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಐದು ದಿನ ಹಗಲಿಗೂ ರಾತ್ರಿಗೂ ವ್ಯತ್ಯಾಸವಿರಲಿಲ್ಲ. ಬಸ್ಸುಗಳ ಮುಂದೆ ಕಂಡಕ್ಟರರು ದೀಪ ಹಿಡಿದು ನಡೆದರು, ಕೊನೆಗೆ ಬಸ್ಸುಗಳೇ ನಿಂತವು. ಸ್ಯಾಡ್ಲರ್ಸ್ ವೆಲ್ಸ್ ನಾಟಕಶಾಲೆಯೊಳಗೆ ಹೊಗೆ ನುಗ್ಗಿ ಸಂಗೀತ ನಾಟಕ ಅರ್ಧಕ್ಕೆ ನಿಂತಿತು. ಅರ್ಲ್ಸ್ ಕೋರ್ಟಿನ ಜಾನುವಾರು ಪ್ರದರ್ಶನಕ್ಕೆ ತಂದ ದನಗಳು ಉಸಿರುಗಟ್ಟಿ ಸತ್ತವು. ಪೇಪರಿನವರು ಮೊದಲು ಬರೆದದ್ದು ದನಗಳ ಬಗ್ಗೆಯೇ. ಮನುಷ್ಯರು ಮನೆಗಳಲ್ಲಿ, ಆಸ್ಪತ್ರೆಗಳಲ್ಲಿ ಸದ್ದಿಲ್ಲದೆ ಸಾಯುತ್ತಿದ್ದರು, ಹೆಚ್ಚಾಗಿ ಮುದುಕರು, ಹಸುಗೂಸುಗಳು, ದಮ್ಮಿನವರು. ಶವಪೆಟ್ಟಿಗೆ, ಹೂವು ಸಾಲದೆ ಬಂದಾಗಲೇ ಊರಿಗೆ ಅರಿವಾದದ್ದು. ಸತ್ತವರು ನಾಲ್ಕು ಸಾವಿರ ಎಂದು ಆಗ ಲೆಕ್ಕ ಕಟ್ಟಿದರು. ಮುಂದಿನ ತಿಂಗಳುಗಳ ಸಾವುಗಳನ್ನು ಸರ್ಕಾರ ಫ್ಲೂ ಜ್ವರದ ಖಾತೆಗೆ ಬರೆದಿತ್ತು. ಅವನ್ನೂ ಸೇರಿಸಿ ನೋಡಿದ 2001ರ ಒಂದು ಅಧ್ಯಯನದ ಪ್ರಕಾರ ಸಂಖ್ಯೆ ಸುಮಾರು ಹನ್ನೆರಡು ಸಾವಿರ.

ಮಂತ್ರಿಗಳಿಗೆ ಅವಸರವೇನೂ ಇರಲಿಲ್ಲ. ವಸತಿ ಮಂತ್ರಿಯಾಗಿದ್ದ ಹೆರಾಲ್ಡ್ ಮ್ಯಾಕ್‌ಮಿಲನ್ ಸಹೋದ್ಯೋಗಿಗಳಿಗೆ ಬರೆದ ಒಂದು ಗುಟ್ಟಿನ ಟಿಪ್ಪಣಿ ಎಷ್ಟೋ ವರ್ಷದ ಮೇಲೆ ಹೊರಬಿತ್ತು. ನಮ್ಮಿಂದ ಹೆಚ್ಚೇನೂ ಆಗದು, ಆದರೆ ಸಮಿತಿ ಮಾಡಿ ಬಹಳ ಕೆಲಸದಲ್ಲಿರುವಂತೆ ಕಾಣಿಸಿಕೊಳ್ಳಬಹುದು ಎಂಬುದು ಅದರ ಸಾರಾಂಶ. ಸಮಿತಿ ಎಂದರೆ ಏನೆಂದು ನಮಗೂ ಗೊತ್ತು. ಆದರೆ ಸರ್ಕಾರ 1953ರಲ್ಲಿ ನೇಮಿಸಿದ ಸಮಿತಿಯ ಅಧ್ಯಕ್ಷ ಸರ್ ಹ್ಯೂ ಬೀವರ್ ಎಂಬ ಎಂಜಿನಿಯರ್ ಕಾಣಿಸಿಕೊಳ್ಳುವುದಕ್ಕಷ್ಟೇ ಕೂತವನಲ್ಲ. ದೇಶದ ಹೊಗೆಯಲ್ಲಿ ಹತ್ತಿರ ಹತ್ತಿರ ಅರ್ಧ ಮನೆಗಳ ಒಲೆಯಿಂದಲೇ ಬರುತ್ತದೆ, ಕೊಳಕು ಗಾಳಿಯಿಂದ ದೇಶಕ್ಕೆ ವರ್ಷಕ್ಕೆ 25 ಕೋಟಿ ಪೌಂಡ್ ನಷ್ಟ ಎಂದು 1954ರ ವರದಿಯಲ್ಲಿ ಸ್ಪಷ್ಟವಾಗಿ ಹೇಳಿದ. ಅಷ್ಟಾದರೂ ಸರ್ಕಾರ ಮೀನಮೇಷ ಎಣಿಸುತ್ತಿದ್ದಾಗ ಜೆರಾಲ್ಡ್ ನಬಾರೊ ಎಂಬ ದಪ್ಪ ಮೀಸೆಯ ಸದಸ್ಯ, ಆಳುವ ಪಕ್ಷದವನೇ, ತಾನೇ ಒಂದು ಮಸೂದೆ ತಂದ. ಸರ್ಕಾರ ತನ್ನದೇ ಮಸೂದೆ ತರುವ ಮಾತು ಕೊಟ್ಟ ಮೇಲೆಯೇ ಹಿಂದೆ ತೆಗೆದುಕೊಂಡ. ಹಾಗೆ ಬಂದದ್ದು 1956ರ ಜುಲೈ 5ರ ಶುದ್ಧ ಗಾಳಿ ಕಾಯಿದೆ.

ಈ ಕಾಯಿದೆಯನ್ನು ಚರಿತ್ರೆಕಾರರು ಹೊಗಳುವುದು ಮನೆಯ ಒಲೆಯನ್ನು ಮುಟ್ಟಿತು ಎಂದು. ನನಗೆ ಕಂಡ ಹಾಗೆ ಅದರ ಜೀವ ಇರುವುದು ಇನ್ನೊಂದು ಕಡೆ. ಒಲೆ ಬದಲಾಯಿಸು ಎಂದು ಹೇಳಿದ ಕಾನೂನು ಬದಲಾಯಿಸುವ ಖರ್ಚಿನ ಹತ್ತರಲ್ಲಿ ಏಳು ಪಾಲನ್ನು ತಾನೇ ಹೊತ್ತಿತು. ಕೇಂದ್ರದ ಖಜಾನೆಯಿಂದ ನಾಲ್ಕು ಪಾಲು, ಊರಿನ ಕೌನ್ಸಿಲಿನಿಂದ ಮೂರು ಪಾಲು, ಮನೆಯವರದು ಉಳಿದ ಮೂರು. ಆ ಮೂರೂ ಕಷ್ಟ ಎನ್ನುವವರಿಗೆ ಕೌನ್ಸಿಲ್ ಮನಸ್ಸು ಮಾಡಿದರೆ ಅದನ್ನೂ ಕೊಡಬಹುದಿತ್ತು.

ಕೆಲಸ ನಡೆದದ್ದು ಊರಿನ ಮಟ್ಟದಲ್ಲಿ. ಗ್ಯಾಂಡಿ ಹೇಳಿದ ಹಾಗೆ ತುಂಡು ತುಂಡಾಗಿ. ಕೌನ್ಸಿಲ್ ಒಂದಷ್ಟು ಬೀದಿಗಳನ್ನು ಆರಿಸಿಕೊಳ್ಳುತ್ತಿತ್ತು. ಆರೋಗ್ಯ ಇನ್‌ಸ್ಪೆಕ್ಟರು ಮನೆಮನೆಗೆ ಬಂದು ಎಷ್ಟು ಒಲೆ ಇವೆ, ಯಾವುದು ಇರಲಿ, ಯಾವುದು ತೆಗೆಯಬೇಕು ಎಂದು ಬರೆದುಕೊಳ್ಳುತ್ತಿದ್ದ. ಪ್ರಕಟಣೆ, ತಕರಾರು ಕೇಳುವುದು, ಮಂತ್ರಿಯ ಒಪ್ಪಿಗೆ. ಒಪ್ಪಿಗೆಯಾದ ಮೇಲೂ ಕನಿಷ್ಠ ಆರು ತಿಂಗಳ ಗಡುವು. ಅಷ್ಟರೊಳಗೆ ಕೋಕ್ ಉರಿಯುವ ಒಲೆಯನ್ನೋ ಗ್ಯಾಸಿನದನ್ನೋ ಹಾಕಿಸಿ ಬಿಲ್ಲು ಕೊಟ್ಟರೆ ಹಣ ವಾಪಸು. ಕಾಯಿದೆ ಬರುವ ಮುಂಚೆ ಕಟ್ಟಿದ ಮನೆಗಳಿಗೆ ಮಾತ್ರ ಈ ಅನುಕೂಲ. ಹೊಸ ಮನೆ ಕಟ್ಟುವವನು ಮೊದಲೇ ಒಳ್ಳೆಯ ಒಲೆ ಹಾಕಿಸಿಕೊಳ್ಳಲಿ ಎಂದು. ಇದು ನ್ಯಾಯವೇ ಎನ್ನಬೇಕು.

ಎಲ್ಲವೂ ನೆಟ್ಟಗೆ ನಡೆಯಿತೆಂದೇನೂ ಅಲ್ಲ. ಕೌನ್ಸಿಲು ಕೊಟ್ಟದ್ದು ಒಲೆಯ ದುಡ್ಡು, ಉರುವಲಿನ ದುಡ್ಡಲ್ಲ. ಕೋಕ್ ಬೇಗ ಹೊತ್ತಿಕೊಳ್ಳದು. ಹೊಗೆ ಬರದ ಉರುವಲಿನ ಬೆಲೆಯೂ ಹಸಿ ಕಲ್ಲಿದ್ದಲಿಗಿಂತ ಹೆಚ್ಚು. ಸೋಪಿನಲ್ಲಿ ಉಳಿದ ಪೆನ್ನಿಗಳು ಕೋಕ್ ಅಂಗಡಿಗೆ ಹೋದವು. ಇನ್ನು ಗಣಿಯ ಊರುಗಳಲ್ಲಿ ಬೇರೆಯೇ ಗೋಳು. ಗಣಿ ಕೆಲಸಗಾರನಿಗೆ ಸಂಬಳದ ಜೊತೆಗೆ ಕಲ್ಲಿದ್ದಲೂ ಸಿಗುತ್ತಿತ್ತು. ಬಾಗಿಲಿಗೇ ಬಂದು ಸುರಿಯುವ ಕಲ್ಲಿದ್ದಲನ್ನು ಬಿಟ್ಟು, ಕಾಸು ಕೊಟ್ಟು ಕೋಕ್ ಕೊಂಡುಕೊ ಎಂದರೆ ಯಾವ ಮನೆಯಾಕೆ ಒಪ್ಪಿಯಾಳು? ಹಾಗಾಗಿ ಎಲ್ಲಕ್ಕಿಂತ ಹೊಗೆ ಹೆಚ್ಚಿದ್ದ ಗಣಿ ಊರುಗಳ ಕೌನ್ಸಿಲುಗಳೇ ಎಲ್ಲರಿಗಿಂತ ಹಿಂದೆ ಬಿದ್ದವು. ಅವರನ್ನು ಸೋಮಾರಿಗಳೆಂದು ಬೈದ ಬರಹಗಳನ್ನು ಓದಿದ್ದೇನೆ. ನನಗೆ ಬೈಯಲು ಮನಸ್ಸಾಗುವುದಿಲ್ಲ. ಲಂಡನ್ನಿನಲ್ಲಿ 1962ರ ಡಿಸೆಂಬರಿನಲ್ಲಿ ಮತ್ತೆ ಅಂಥದೇ ಹೊಗೆ ಕವಿದು ನೂರಾರು ಜನ ಸತ್ತರು. ಹಿಂದೆ ಬಿದ್ದ ಕೌನ್ಸಿಲುಗಳಿಗೆ ಕೆಲಸ ಶುರುಮಾಡಿ ಎಂದು ಆಜ್ಞಾಪಿಸುವ ಅಧಿಕಾರ ಮಂತ್ರಿಗೆ ಸಿಕ್ಕಿದ್ದು 1968ರ ಕಾಯಿದೆಯಲ್ಲಿ. ಅದೇ ಹೊತ್ತಿಗೆ, 1967ರಿಂದ, ಉತ್ತರ ಸಮುದ್ರದ ಗ್ಯಾಸು ಕೊಳವೆಯಲ್ಲಿ ಮನೆಮನೆಗೆ ಬರತೊಡಗಿತು. ಹೊಗೆ ತೊಲಗಿದ್ದರಲ್ಲಿ ಕಾನೂನಿನ ಪಾಲೆಷ್ಟು, ಗ್ಯಾಸಿನ ಪಾಲೆಷ್ಟು ಎಂದು ಪಂಡಿತರು ಈಗಲೂ ಜಗಳವಾಡುತ್ತಾರೆ. ಆಡಿಕೊಳ್ಳಲಿ.

ತೊಲಗಿದ್ದಂತೂ ನಿಜ. ಮ್ಯಾಂಚೆಸ್ಟರಿನ ಒಂದು ಪತಂಗದ ವಿಷಯ ಮಕ್ಕಳ ವಿಜ್ಞಾನ ಪುಸ್ತಕದಲ್ಲಿ ನೀವು ನೋಡಿರಬಹುದು. ಬಿಳಿಯ ಮೇಲೆ ಕರಿ ಚುಕ್ಕೆಯ ಈ ಪತಂಗದಲ್ಲಿ ಪೂರಾ ಕಪ್ಪಾದದ್ದು ಅಲ್ಲಿ ಮೊದಲು ಸಿಕ್ಕಿದ್ದು 1848ರಲ್ಲಿ. ಮಸಿ ಹಿಡಿದ ಮರದ ಮೇಲೆ ಬಿಳಿಯದು ಹಕ್ಕಿಗಳ ಕಣ್ಣಿಗೆ ಬೀಳುತ್ತಿತ್ತು, ಕಪ್ಪನೆಯದು ಬದುಕುತ್ತಿತ್ತು. ಅದೇ ಶತಮಾನದ ಕೊನೆಗೆ ನೂರಕ್ಕೆ ತೊಂಬತ್ತೆಂಟು ಕಪ್ಪಾದವು. ಗಾಳಿ ತಿಳಿಯಾಗುತ್ತ ಬಂದಂತೆ ಮತ್ತೆ ಬಿಳಿಯವು ಹೆಚ್ಚಿ ಕಪ್ಪನೆಯವು ಅಪರೂಪವಾದವು.

ಆ ದೇಶಕ್ಕೆ ಹೊಗೆಯ ಕಾಟ ಅಲ್ಲಿಗೇ ಮುಗಿಯಲಿಲ್ಲ, ರೂಪ ಬದಲಾಯಿಸಿತು. ಲಂಡನ್ನಿನಲ್ಲಿ ರಸ್ತೆಯ ಪಕ್ಕದ ಮನೆಯಲ್ಲಿದ್ದ ಒಂಬತ್ತು ವರ್ಷದ ಹುಡುಗಿಯೊಬ್ಬಳು 2013ರಲ್ಲಿ ಅಸ್ತಮಾದಿಂದ ತೀರಿಕೊಂಡಳು. ಅವಳ ತಾಯಿ ಬಿಡದೆ ಹೋರಾಡಿದ್ದರಿಂದ ಮತ್ತೆ ವಿಚಾರಣೆ ನಡೆದು, ವಾಹನಗಳ ಕೊಳಕು ಗಾಳಿಯೂ ಸಾವಿಗೆ ಒಂದು ಕಾರಣ ಎಂದು 2020ರಲ್ಲಿ ತೀರ್ಪು ಬಂತು. ಹೆಚ್ಚು ಹೊಗೆಯ ಹಳೆಯ ಗಾಡಿ ಒಳಗೆ ಬಂದರೆ ದಿನಕ್ಕೆ ಹನ್ನೆರಡೂವರೆ ಪೌಂಡ್ ಸುಂಕ ಎಂಬ ನಿಯಮ ನಗರದ ನಡುವಿನಲ್ಲಿ 2019ರಲ್ಲೇ ಬಂದಿತ್ತು. ಇಡೀ ನಗರಕ್ಕೆ ಹಬ್ಬಿದ್ದು 2023ರಲ್ಲಿ. ಆಗ ದೊಡ್ಡ ಗಲಾಟೆ ಆಯಿತು. ಹಳೇ ಕಾರನ್ನು ಗುಜರಿಗೆ ಹಾಕಿದರೆ ಎರಡು ಸಾವಿರ ಪೌಂಡಿನವರೆಗೆ ಕೊಡುತ್ತೇವೆಂದು ನಗರದ ಮೇಯರ್ ಹೇಳಿದ್ದ. ಆದರೆ ಮೊದಲು ಅದು ಸಿಗುತ್ತಿದ್ದದ್ದು ಕೆಲವು ವರ್ಗದವರಿಗೆ ಮಾತ್ರ. ಕೂಗು ಜೋರಾದ ಮೇಲೆ ಲಂಡನ್ನಿನ ಎಲ್ಲರಿಗೂ ತೆರೆದರು. ಆಗಲೂ ಜಗಳ ಗಾಳಿಯದಲ್ಲ, ದುಡ್ಡು ಯಾರದು ಎಂಬುದು.

ಈಗ ನಮ್ಮೂರಿಗೆ ಬರುತ್ತೇನೆ. ಕೇಂದ್ರ ಸರ್ಕಾರ 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರುಮಾಡಿದಾಗ ಗಾಳಿ ಕೆಟ್ಟ ಊರುಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಹೆಸರಿದ್ದವು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ದಾವಣಗೆರೆ. ಮ್ಯಾಂಚೆಸ್ಟರ್ ಎಂಬ ಬಿರುದು ಹೀಗೆ ಇನ್ನೊಂದು ಬಾಗಿಲಿನಿಂದ ಒಳಗೆ ಬಂತು. ದೇಶದ 131 ನಗರಗಳಿಗೆ ಈ ಕೆಲಸಕ್ಕೆಂದು ಸಾವಿರಾರು ಕೋಟಿ ರೂಪಾಯಿ ಬಿಡುಗಡೆಯಾಗಿದೆ. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆಯವರು 2024ರಲ್ಲಿ ಲೆಕ್ಕ ಹಾಕಿ ನೋಡಿದಾಗ ಖರ್ಚಾದದ್ದರಲ್ಲಿ ನೂರಕ್ಕೆ 64 ಪಾಲು ರಸ್ತೆಯ ಧೂಳಿಗೇ ಹೋಗಿತ್ತು. ಗುಡಿಸುವ ಯಂತ್ರ, ನೀರು ಚಿಮುಕಿಸುವುದು, ರಸ್ತೆಗೆ ಡಾಂಬರು ಇಂಥವು. ಕಾರ್ಖಾನೆಯ ಹೊಗೆಗೆ ನೂರಕ್ಕೆ ಒಂದು ಪಾಲೂ ಇಲ್ಲ. ಧೂಳು ಬೇಡವೆನ್ನುವವಳು ನಾನಲ್ಲ, ದಿನಕ್ಕೆರಡು ಸಲ ಜಗಲಿ ಗುಡಿಸುವವಳು. ಆದರೆ ಕಸಬರಿಗೆ ಹಿಡಿದು ಹೊಗೆ ಗುಡಿಸಲು ಬರುತ್ತದೆಯೇ?

ನಮ್ಮಲ್ಲಿ ಒಲೆಗೆ ದುಡ್ಡು ಕೊಟ್ಟದ್ದೇ ಇಲ್ಲವೆನ್ನಲಾಗದು. ತೀರ್ಥಹಳ್ಳಿ ಕಡೆಯ ನನ್ನ ತವರುಮನೆಯಲ್ಲಿ ಅಸ್ತ್ರ ಒಲೆ ಬಂದದ್ದು ಎಂಬತ್ತರ ದಶಕದಲ್ಲಿ. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು 1974ರಲ್ಲಿ ಹುಟ್ಟಿದ ಅಸ್ತ್ರ ವಿಭಾಗದವರು ರೂಪಿಸಿದ ಒಲೆ ಅದು. ಹೊಗೆಯೆಲ್ಲ ಕೊಳವೆಯಲ್ಲಿ ಸೂರಿನ ಮೇಲೆ ಹೋಗುತ್ತಿತ್ತು. ಅವ್ವ ಮೊದಲ ವಾರ, ಅಡುಗೆಮನೆಯಲ್ಲಿ ಕಣ್ಣು ಬಿಟ್ಟುಕೊಂಡು ನಿಲ್ಲಬಹುದು ಕಣೇ ಎಂದು ಕಾಗದ ಬರೆಸಿದ್ದಳು. ಎರಡು ವರ್ಷಕ್ಕೆ ಕೊಳವೆ ಕಟ್ಟಿಕೊಂಡಿತು. ಕಟ್ಟಿ ಹೋದವರು ತಿರುಗಿ ಬರಲಿಲ್ಲ. ಮುಂದೆ 2016ರ ಉಜ್ವಲ ಯೋಜನೆಯಲ್ಲಿ ಬಡವರ ಮನೆಗೆ ಗ್ಯಾಸಿನ ಸಂಪರ್ಕ ಬಂತು, ಹೆಣ್ಣುಮಕ್ಕಳ ಹೆಸರಿನಲ್ಲೇ ಬಂತು. ಎರಡನೇ ಸಿಲಿಂಡರಿನ ದುಡ್ಡಿಗೆ ಒದ್ದಾಡಿ ಮತ್ತೆ ಸೌದೆ ಹಚ್ಚಿದವರನ್ನು ನೀವೂ ಕಂಡಿರುತ್ತೀರಿ. ಕೋಕ್ ಅಂಗಡಿಯ ಮುಂದೆ ನಿಂತ ಇಂಗ್ಲೆಂಡಿನ ಆ ಹೆಂಗಸರಿಗೂ ಇವರಿಗೂ ಏನು ಅಂತರ?

ನಮ್ಮೂರ ಹೊಗೆ ಎಂದರೆ ವಾಹನಗಳದಷ್ಟೇ ಅಲ್ಲ, ಮಂಡಕ್ಕಿ ಭಟ್ಟಿಗಳದೂ. ಮಂಡಕ್ಕಿ ಇಲ್ಲದೆ ದಾವಣಗೆರೆ ಸಂಜೆ ಇಲ್ಲ, ಖಾರ ಮಂಡಕ್ಕಿ ಮಿರ್ಚಿ ಇಲ್ಲದೆ ನೆಂಟರ ಸತ್ಕಾರ ಇಲ್ಲ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಕಾದ ಮರಳಿನಲ್ಲಿ ಹುರಿಯುವ ತನಕ ಬೆಂಕಿಯೇ ಬೆಂಕಿ. ಉರಿಸುವುದು ಹೊಟ್ಟು, ಕಟ್ಟಿಗೆ ಚೂರು, ಅಗ್ಗಕ್ಕೆ ಸಿಕ್ಕದ್ದು. ದೊಡ್ಡ ಮಾಲೀಕರ ಕಾರ್ಖಾನೆಗಳೇನಲ್ಲ, ಮನೆಮಂದಿಯೆಲ್ಲ ಸೇರಿ ದುಡಿಯುವ ಭಟ್ಟಿಗಳು ಎಷ್ಟೋ ಇವೆ. ಆಗಾಗ ನೋಟೀಸು, ಆಗಾಗ ಅವನ್ನೆಲ್ಲ ಊರ ಹೊರಗೆ ಹಾಕಬೇಕೆಂಬ ಮಾತು. ನಮ್ಮ ಮಹಿಳಾ ಸಮಾಜದವರು ಒಂದು ದಿನ ಆ ಕಡೆ ಹೋಗಿದ್ದೆವು. ಮರಳು ಜರಡಿ ಹಿಡಿಯುತ್ತಿದ್ದ ಒಬ್ಬ ಹೆಣ್ಣುಮಗಳನ್ನು, ಈ ಹೊಗೆಯಲ್ಲಿ ಹೇಗಮ್ಮಾ ಇರ್ತೀಯ ಎಂದು ಕೇಳಿದರೆ ಅವಳು ಕೈಕೆಲಸ ನಿಲ್ಲಿಸದೆಯೇ ಹೇಳಿದಳು: “ಹೊಗೆ ಬ್ಯಾಡ ಅಂತ ನಮಗೂ ಗೊತ್ತೈತ್ರಿ ಅಮ್ಮಾರೇ. ಕೂಸಿಗೆ ಉಬ್ಬಸ ಐತಿ. ಬ್ಯಾರೆ ಒಲೆ ಹಾಕ್ಸಾಕ ರೊಕ್ಕ ಯಾರ್ ಕೊಡ್ತಾರ್ರಿ?”

ನಾನು ಅವಳಿಗೆ 1956ರ ಕಥೆ ಹೇಳಿದೆ. ಒಲೆಗೆ ಹತ್ತರಲ್ಲಿ ಏಳು ಪಾಲು ಸರ್ಕಾರವೇ ಕೊಟ್ಟಿತಂತೆ ಎಂದೆ. ಅವಳು ಒಂದು ಗಳಿಗೆ ಜರಡಿ ಕೆಳಗಿಟ್ಟು, “ಮತ್ತೆ ಉರುವಲಿಗೆ?” ಎಂದಳು. ಬೀವರ್ ಸಮಿತಿಯ ಪಂಡಿತರು ಇವಳನ್ನು ಮೊದಲು ಕೇಳಬೇಕಿತ್ತು.

ಅಲ್ಲಿಂದ ಬಂದ ಮೇಲೆ ನಮ್ಮ ಸಮಾಜದಲ್ಲಿ ಒಂದು ಸಣ್ಣ ಕೆಲಸ ಹಿಡಿದಿದ್ದೇವೆ. ಭಟ್ಟಿಗಳ ಸಮೀಪದ ಎಂಟು ಮನೆ, ಊರಿನ ಇನ್ನೊಂದು ಅಂಚಿನ ಎಂಟು ಮನೆ. ತಿಂಗಳಿಗೆ ಎಷ್ಟು ಸೋಪು, ಎಷ್ಟು ಪುಡಿ, ಎಷ್ಟು ಸಲ ಮತ್ತೆ ಒಗೆದದ್ದು, ಮಕ್ಕಳ ಕೆಮ್ಮಿನ ಔಷಧಿಗೆ ಎಷ್ಟು ಎಂದು ಬರೆದಿಡಲು ಒಂದೊಂದು ನೋಟುಬುಕ್ಕು ಕೊಟ್ಟಿದ್ದೇವೆ. ನಗರಪಾಲಿಕೆಗೆ ಕೊಡುವ ಅರ್ಜಿಯ ಜೊತೆ ಲಗತ್ತಿಸುವ ಯೋಚನೆ. ಅರ್ಜಿಯಲ್ಲಿ ಕೇಳಬೇಕಾದ್ದು ಎರಡೇ: ಭಟ್ಟಿಗಳನ್ನು ಓಡಿಸುವ ಮುಂಚೆ ಹೊಗೆ ಕಡಿಮೆಯ ಒಲೆಗೆ ಖರ್ಚಿನ ಪಾಲು ಕೊಡಿ, ಮೊದಲ ಎರಡು ವರ್ಷ ಉರುವಲಿಗೂ ಕೊಡಿ. ಲೆಕ್ಕ ಇನ್ನೂ ಮುಗಿದಿಲ್ಲ. ಒಂದು ಮನೆಯಲ್ಲಿ ನೋಟುಬುಕ್ಕಿನ ಹಾಳೆ ಹರಿದು ಮಕ್ಕಳು ದೋಣಿ ಮಾಡಿದ್ದಾರೆ. ಇನ್ನೊಂದು ಮನೆಯಾಕೆ ಸೋಪಿನ ಲೆಕ್ಕದ ಪಕ್ಕದಲ್ಲೇ ಹಾಲಿನ ಲೆಕ್ಕವನ್ನೂ ಬರೆದಿಟ್ಟಿದ್ದಾಳೆ. ಬೇರ್ಪಡಿಸುತ್ತ ಕೂತಿದ್ದೇನೆ.